ಮೂರು ಸೂಟ್‌ಕೇಸು, ಒಂದು ತತ್ವಶಾಸ್ತ್ರ

1938ರ ಸೆಪ್ಟೆಂಬರ್. ಬರ್ಲಿನ್‌ಗೆ ಹೊರಟ ರೈಲಿನಲ್ಲಿ ಬೆಲ್ಜಿಯಂನ ಪಾದ್ರಿಯೊಬ್ಬರು ಕೂತಿದ್ದರು. ಹೆಸರು ಹರ್ಮನ್ ವಾನ್ ಬ್ರೆಡ, ವಯಸ್ಸು 27. ಜೊತೆಗೆ ಮೂರು ಭಾರದ ಸೂಟ್‌ಕೇಸು. ಒಳಗಿದ್ದದ್ದು ಶಾರ್ಟ್‌ಹ್ಯಾಂಡಿನಲ್ಲಿ ಬರೆದ ರಾಶಿ ರಾಶಿ ಹಾಳೆಗಳು, ಸುಮಾರು 40,000 ಪುಟ. ಬರೆದವರು ಎಡ್ಮಂಡ್ ಹುಸರ್ಲ್. ಅವರು ತೀರಿಕೊಂಡು ಐದು ತಿಂಗಳಾಗಿತ್ತಷ್ಟೆ.

ಹುಸರ್ಲ್ ಮೂಲತಃ ಗಣಿತ ಓದಿದವರು. ಅವರು ಕಟ್ಟಿದ ಚಿಂತನೆಗೆ ಫಿನಾಮಿನಾಲಜಿ ಅಂತ ಹೆಸರು. ಹೆಸರು ಕೇಳಿ ಗಾಬರಿಯಾಗಬೇಡಿ. ಮೆಟ್ರೋದಲ್ಲಿ ಇಯರ್‌ಫೋನ್ ಹಾಕ್ಕೊಂಡು ಹಾಡು ಕೇಳ್ತೀರಲ್ಲ, ಅಲ್ಲಿಂದಲೇ ಶುರು ಮಾಡೋಣ. ಈ ಕ್ಷಣ ಕಿವಿಗೆ ಬೀಳೋದು ಒಂದು ಸ್ವರ. ಹಿಂದಿನದು ಮುಗಿದಿದೆ, ಮುಂದಿನದು ಬಂದಿಲ್ಲ. ಆದರೂ ನಿಮಗೆ ಕೇಳಿಸೋದು ಒಂದು ಇಡೀ ಹಾಡು. ಹೇಗೆ? 1905ರ ಉಪನ್ಯಾಸಗಳಲ್ಲಿ ಹುಸರ್ಲ್ ಇದನ್ನೇ ಬಿಡಿಸಿ ನೋಡಿದರು. ನಮ್ಮ 'ಈಗ' ಅನ್ನೋದಕ್ಕೆ ಅಗಲವಿದೆ. ಆಗಷ್ಟೇ ಕಳೆದದ್ದನ್ನು ಅದು ಹಿಡಿದಿಟ್ಟುಕೊಂಡಿರುತ್ತೆ, ಬರಲಿರೋದಕ್ಕೆ ಕೈ ಚಾಚಿರುತ್ತೆ. ಗೊತ್ತಿರೋ ಹಾಡು ನಡುವೆ ಪಟ್ಟಂತ ನಿಂತರೆ ಕಸಿವಿಸಿಯಾಗುತ್ತಲ್ಲ, ಆ ಚಾಚಿದ ಕೈಗೆ ಏನೂ ಸಿಗಲಿಲ್ಲ, ಅದಕ್ಕೇ.

ಅವರ ವಿಧಾನ ಇಷ್ಟೇ: ವಸ್ತುವಿನ ಬಗ್ಗೆ ಮೊದಲೇ ಗೊತ್ತಿರೋದನ್ನು ಸ್ವಲ್ಪ ಹೊತ್ತು ಬ್ರ್ಯಾಕೆಟ್ಟಿನಲ್ಲಿಡಿ. ಅದು ಅನುಭವದಲ್ಲಿ ಹೇಗೆ ತೋರಿಬರುತ್ತೆ ಅಂತ ನೋಡಿ.

ಹಣೆಪಟ್ಟಿ ಪಕ್ಕಕ್ಕಿಟ್ಟು ನೋಡಿ ಅಂದವರಿಗೇ ದೇಶ ಹಣೆಪಟ್ಟಿ ಅಂಟಿಸಿತು. ಯಹೂದಿ ಮನೆತನದಲ್ಲಿ ಹುಟ್ಟಿದ ಹುಸರ್ಲ್ 1886ರಲ್ಲೇ ಕ್ರೈಸ್ತರಾಗಿದ್ದರು. ಕಿರಿಯ ಮಗ ಮೊದಲ ಮಹಾಯುದ್ಧದಲ್ಲಿ ಜರ್ಮನಿಗಾಗಿ ಪ್ರಾಣ ಕೊಟ್ಟಿದ್ದ. 1933ರಲ್ಲಿ ಅಧಿಕಾರಕ್ಕೆ ಬಂದ ನಾಜಿಗಳಿಗೆ ಇದ್ಯಾವುದೂ ಲೆಕ್ಕಕ್ಕೆ ಬರಲಿಲ್ಲ. ಅದೇ ವರ್ಷ ಅವರ ಶಿಷ್ಯ ಹೈಡೆಗ್ಗರ್ ಫ್ರೈಬರ್ಗ್ ವಿಶ್ವವಿದ್ಯಾಲಯದ ಮುಖ್ಯಸ್ಥರಾಗಿ ನಾಜಿ ಪಕ್ಷ ಸೇರಿದರು. 1927ರಲ್ಲಿ ತಮ್ಮ ಮಹಾಗ್ರಂಥವನ್ನು ಗುರುವಿಗೆ ಅರ್ಪಿಸಿದ್ದವರು ಗುರುವಿನ ಅಂತ್ಯಸಂಸ್ಕಾರಕ್ಕೆ ಹೋಗಲಿಲ್ಲ. 1941ರ ಮುದ್ರಣದಲ್ಲಿ ಆ ಅರ್ಪಣೆಯ ಪುಟವೂ ಇರಲಿಲ್ಲ.

ಹಾಳೆಗಳು ನಾಜಿಗಳ ಕೈಗೆ ಸಿಕ್ಕಿದ್ದರೆ ಉಳೀತಿದ್ದವಾ? ಹುಸರ್ಲ್ ಪತ್ನಿ ಮಾಲ್ವಿನ ನಂಬಿ ಕೊಟ್ಟರು, ಪಾದ್ರಿ ಹೊತ್ತರು, ಬರ್ಲಿನ್‌ನ ಬೆಲ್ಜಿಯಂ ರಾಯಭಾರ ಕಚೇರಿ ಗಡಿ ದಾಟಿಸಿತು. ಲ್ಯೂವೆನ್‌ನಲ್ಲಿ ಹುಸರ್ಲ್ ಸಂಗ್ರಹಾಲಯ ಶುರುವಾಯಿತು. 1939ರಲ್ಲಿ ಅಲ್ಲಿಗೆ ಬಂದು ಹಾಳೆಗಳನ್ನು ಓದಿದ ಫ್ರೆಂಚ್ ಚಿಂತಕ ಮೆರ್ಲೋ-ಪಾಂಟಿ, 1945ರಲ್ಲಿ ದೇಹ ಮತ್ತು ಗ್ರಹಿಕೆಯ ಮೇಲೆ ದೊಡ್ಡ ಪುಸ್ತಕವನ್ನೇ ತಂದರು.

ನಿನ್ನೆ ಎಷ್ಟು ಗಂಟೆ ಮಲಗಿದ್ರಿ ಅಂತ ಕೈಯಲ್ಲಿರೋ ವಾಚ್ ಹೇಳುತ್ತೆ. ಎದ್ದಾಗ ಹೇಗನ್ನಿಸ್ತು? ಅದನ್ನ ನೀವೇ ಹೇಳಬೇಕು. ಆ ಸೂಟ್‌ಕೇಸುಗಳಲ್ಲಿ ಉಳಿದು ಬಂದದ್ದು ಈ ಎರಡನೇ ಪ್ರಶ್ನೆ.