ಜಪಾನೀ ಕಲಿಕೆ: ವ್ಯಾಕರಣ ಪರಿಚಿತ, ಲಿಪಿಯೇ ಕಗ್ಗಂಟು

ಜಪಾನೀ ಭಾಷೆ ಕಲಿಯಹೊರಟವರ ಕಿವಿಗೆ ಮೊದಲು ಬೀಳುವ ಮಾತೆಂದರೆ, ಅದು ಬಹು ಕಠಿಣ ಎಂಬುದು. ಅಮೆರಿಕದ ರಾಜತಾಂತ್ರಿಕರಿಗೆ ತರಬೇತಿ ನೀಡುವ ವಿದೇಶಾಂಗ ಸೇವಾ ಸಂಸ್ಥೆಯು ಈ ಭಾಷೆಗೆ ಸುಮಾರು 2,200 ತರಗತಿ ಗಂಟೆಗಳು ಬೇಕೆಂದು ಅಂದಾಜಿಸಿದೆ. ಆದರೆ ಆ ಲೆಕ್ಕ ಇಂಗ್ಲಿಷ್ ಭಾಷಿಕರನ್ನು ಕುರಿತದ್ದು. ಕನ್ನಡಿಗರ ಪಾಲಿಗೆ ಕಷ್ಟದ ಸ್ವರೂಪವೇ ಬೇರೆ.

ವಾಕ್ಯರಚನೆ: ಕನ್ನಡದಂತೆಯೇ ಇಲ್ಲಿಯೂ ಕರ್ತೃ, ಕರ್ಮ, ಕೊನೆಗೆ ಕ್ರಿಯಾಪದ. 'ವತಶಿ ವ ಹೊನ್ ಒ ಯೊಮಿಮಸು' ಎಂದರೆ 'ನಾನು ಪುಸ್ತಕವನ್ನು ಓದುತ್ತೇನೆ'. 'ಹೊನ್' ಎಂಬುದು ಪುಸ್ತಕ. ಅದರ ಮುಂದಿನ 'ಒ' ನಮ್ಮ 'ಅನ್ನು' ಪ್ರತ್ಯಯದ ಕೆಲಸ ಮಾಡುತ್ತದೆ. ಲಿಂಗ, ವಚನಗಳಿಗೆ ತಕ್ಕಂತೆ ಕ್ರಿಯಾಪದ ಬದಲಾಗುವುದಿಲ್ಲ.

ಉಚ್ಚಾರಣೆ: ಹ್ರಸ್ವ, ದೀರ್ಘಗಳ ಭೇದ ಕನ್ನಡಿಗರಿಗೆ ಹೊಸತಲ್ಲ. 'ಒಜಿಸನ್' ಎಂದರೆ ಚಿಕ್ಕಪ್ಪ ಅಥವಾ ಮಾವ. 'ಒಜೀಸನ್' ಎಂದರೆ ಅಜ್ಜ.

ಲಿಪಿ: ನಿಜವಾದ ತೊಡಕು ಇಲ್ಲಿದೆ. ಹಿರಗಾನ, ಕತಕಾನ, ಕಾಂಜಿ ಎಂಬ ಮೂರು ಬಗೆಯ ಲಿಪಿಗಳು ಒಂದೇ ವಾಕ್ಯದಲ್ಲಿ ಬೆರೆಯುತ್ತವೆ. ಮೊದಲೆರಡರಲ್ಲಿ ತಲಾ 46 ಮೂಲಾಕ್ಷರಗಳಿದ್ದು, ಕೆಲವು ವಾರಗಳ ಅಭ್ಯಾಸದಿಂದ ಕೈಗೂಡುತ್ತವೆ. 'ಅ, ಇ, ಉ, ಎ, ಒ' ಎಂದು ಸಾಗುವ ಅವುಗಳ ಕ್ರಮದಲ್ಲಿ, ಬೌದ್ಧಧರ್ಮದೊಡನೆ ಜಪಾನ್ ತಲುಪಿದ ಸಂಸ್ಕೃತ ವರ್ಣಮಾಲೆಯ ಪ್ರಭಾವವಿದೆ. ಚೀನಾ ಮೂಲದ ಕಾಂಜಿ ಹಾಗಲ್ಲ. 2010ರಲ್ಲಿ ಪರಿಷ್ಕೃತವಾದ ನಿತ್ಯಬಳಕೆಯ ಅಧಿಕೃತ ಪಟ್ಟಿಯಲ್ಲಿ 2,136 ಕಾಂಜಿಗಳಿವೆ. ಹಲವಕ್ಕೆ ಒಂದಕ್ಕಿಂತ ಹೆಚ್ಚು ಉಚ್ಚಾರಗಳಿವೆ. ಭಾನುವಾರಕ್ಕೆ 'ನಿಚಿಯೋಬಿ' ಎನ್ನುತ್ತಾರೆ. ಈ ಪದದ ಮೊದಲ ಹಾಗೂ ಕೊನೆಯ ಕಾಂಜಿ ಒಂದೇ; ಮೊದಲಲ್ಲಿ ಅದು 'ನಿಚಿ', ಕೊನೆಯಲ್ಲಿ 'ಬಿ'.

ಪರೀಕ್ಷೆ: 1984ರಲ್ಲಿ ಆರಂಭವಾದ ಜಪಾನೀ ಭಾಷಾ ಪ್ರಾವೀಣ್ಯ ಪರೀಕ್ಷೆಗೆ 2010ರಿಂದ ಐದು ಹಂತಗಳಿವೆ. ಎನ್5 ಮೊದಲ ಮೆಟ್ಟಿಲು, ಎನ್1 ಕೊನೆಯದು. ಉದ್ಯೋಗಾಕಾಂಕ್ಷಿಗಳು ಗಮನಿಸಬೇಕಾದ ಅಂಶವೊಂದಿದೆ. ಭಾರತ ಮತ್ತು ಜಪಾನ್ 2021ರಲ್ಲಿ ಮಾಡಿಕೊಂಡ ನಿರ್ದಿಷ್ಟ ಕುಶಲ ಕಾರ್ಮಿಕರ ಒಪ್ಪಂದದಡಿ ತೆರಳುವವರಿಗೆ ಸಾಮಾನ್ಯವಾಗಿ ಎನ್4 ಅಥವಾ ತತ್ಸಮಾನ ಅರ್ಹತೆ ಬೇಕು, ಎನ್5 ಸಾಲದು. ಅಲ್ಲದೆ, ಪ್ರಾವೀಣ್ಯ ಪರೀಕ್ಷೆಯಲ್ಲಿ ಮಾತನಾಡುವ ಸಾಮರ್ಥ್ಯವನ್ನು ಅಳೆಯುವುದೇ ಇಲ್ಲ. ಅದನ್ನು ಪ್ರತ್ಯೇಕವಾಗಿಯೇ ಗಳಿಸಬೇಕು.

ಮಾತು ಬೇಗ ಒಲಿಯಿತೆಂದು ರೋಮನ್ ಅಕ್ಷರಗಳ ಆಸರೆಯಲ್ಲೇ ಮುಂದುವರಿದವರು, ಕಾಂಜಿ ಎದುರಾದಾಗ ಮತ್ತೆ ಮೊದಲಿನಿಂದ ಆರಂಭಿಸಬೇಕಾಗುತ್ತದೆ. ಮೊದಲ ತಿಂಗಳಿನಿಂದಲೇ ದಿನಕ್ಕೆ ನಾಲ್ಕಾರು ಕಾಂಜಿಗಳನ್ನು ಪದಗಳೊಡನೆ ಬರೆದು ಕಲಿಯುವುದು ಕ್ಷೇಮಕರ.