ಒಂದು ರತ್ತಲು ಜೋಳ

ಶಾಲಿವಾಹನ ಶಕ 1798, ಧಾತು ಸಂವತ್ಸರ, ಕ್ರಿಸ್ತಶಕ 1876. ಘಟಪ್ರಭೆಯ ದಂಡೆಯ ಕಲಾದಗಿ ಆಗ ಮುಂಬಯಿ ಇಲಾಖೆಯ ಒಂದು ಜಿಲ್ಲೆಗೆ ಮುಖ್ಯಪಟ್ಟಣ. ಬಾಗಲಕೋಟೆ, ಬಾದಾಮಿ, ಹುನಗುಂದ ಸೀಮೆಗಳೆಲ್ಲ ಅಲ್ಲಿಯ ಕಲೆಕ್ಟರನ ಆಡಳಿತಕ್ಕೆ ಒಳಪಟ್ಟಿದ್ದವು. ಆ ವರ್ಷ ಮುಂಗಾರಿ ಕೈಕೊಟ್ಟಿತು, ಹಿಂಗಾರಿಯೂ ಒಲಿಯಲಿಲ್ಲ. ಎರೆಹೊಲಗಳು ಬಿಳಿಜೋಳಕ್ಕೆ ಹದವಾಗಲಿಲ್ಲ. ರೈಲು ಇನ್ನೂ ಈ ಸೀಮೆಯನ್ನು ಮುಟ್ಟಿರಲಿಲ್ಲ. ಕಾಳು ಬರಬೇಕಾದರೆ ಎತ್ತಿನ ಗಾಡಿ, ಎತ್ತಿಗೋ ಮೇವಿಲ್ಲ.

1877ರ ಜನವರಿಯಲ್ಲಿ ಸರಕಾರವು ಸರ್ ರಿಚರ್ಡ್ ಟೆಂಪಲ್‌ನನ್ನು ಬರದ ನಾಡಿಗೆ ಕಳಿಸಿತು. ಖರ್ಚು ಇಳಿಸುವುದು ಅವನಿಗಿದ್ದ ಹೊಣೆ. ಪರಿಹಾರದ ಕೆಲಸದಲ್ಲಿ ಕಲ್ಲು ಒಡೆಯುವ, ಮಣ್ಣು ಹೊರುವ ಗಂಡಾಳಿಗೆ ದಿನಕ್ಕೆ ಒಂದು ರತ್ತಲು, ಎಂದರೆ 454 ಗ್ರಾಂ ಧಾನ್ಯದ ಬೆಲೆ, ಮೇಲೊಂದು ಆಣೆ. ಮುಂಬಯಿ ಇಲಾಖೆಯಲ್ಲಿಯೂ ಕೂಲಿ ಇಳಿಯಿತು. ಜನ ಕೆಲಸ ಬಿಟ್ಟು ನಡೆದರು. ಪುಣೆಯ ಸಾರ್ವಜನಿಕ ಸಭೆ ಅವರ ಪರವಾಗಿ ನಿಂತಿತು. ಮದರಾಸಿನ ಆರೋಗ್ಯ ಕಮಿಷನರ್ ಡಾ. ಕಾರ್ನಿಷ್ ಬಹಿರಂಗವಾಗಿಯೇ ವಿರೋಧಿಸಿದ: ಧಾನ್ಯ ಒಂದೂವರೆ ರತ್ತಲು ಬೇಕು, ಬೇಳೆಕಾಳೂ ಬೇಕು. ಮದರಾಸು ಸರಕಾರ ಅವನ ಮಾತಿಗೆ ಸ್ವಲ್ಪ ಮಣಿಯಿತು. ಕಲಾದಗಿ ಮದರಾಸಿಗೆ ಸೇರಿರಲಿಲ್ಲ.

1872ರ ಜನಗಣತಿಯಲ್ಲಿ ಜಿಲ್ಲೆಯ ಜನ 8 ಲಕ್ಷ 16 ಸಾವಿರ; 1881ರಲ್ಲಿ 6 ಲಕ್ಷ 38 ಸಾವಿರ. ಹಸಿವು, ಕಾಲರಾ, ಜ್ವರ, ವಲಸೆ ಎಲ್ಲವೂ ಸೇರಿ ಆದ ನಷ್ಟ ಇದು.

ಟೆಂಪಲ್ ಮತ್ತು ಕಾರ್ನಿಷ್, ಇಬ್ಬರಿಗೂ ಲೈಸಿನ್ ಎಂಬುದು ಗೊತ್ತಿರಲಿಲ್ಲ. ದೇಹ ತಾನೇ ಕಟ್ಟಿಕೊಳ್ಳಲಾರದ, ಉಣಿಸಿನಿಂದಲೇ ಪಡೆಯಬೇಕಾದ ಅಮೈನೊ ಆಮ್ಲ ಅದು. ಜೋಳದಲ್ಲಿ ಬಲು ಕಡಿಮೆ, ತೊಗರಿಯಲ್ಲಿ ಧಾರಾಳ. ಇಲಿನಾಯ್ ವಿಶ್ವವಿದ್ಯಾಲಯದ ವಿಲಿಯಂ ರೋಸ್ 1940-50ರ ದಶಕಗಳಲ್ಲಿ ತನ್ನ ವಿದ್ಯಾರ್ಥಿಗಳಿಗೆ ಶುದ್ಧ ಅಮೈನೊ ಆಮ್ಲಗಳ ಆಹಾರ ಕೊಟ್ಟು, ಒಳಹೋದ ಸಾರಜನಕವನ್ನೂ ಹೊರಬಂದುದನ್ನೂ ತೂಗಿದ. ಆದರೆ ಅವರ ಊಟದಲ್ಲಿ ಕ್ಯಾಲೊರಿ ತೀರ ಹೆಚ್ಚಿತ್ತು. ಬೆವರು, ಚರ್ಮದ ಮೂಲಕ ಹೋದ ಸಾರಜನಕ ಲೆಕ್ಕಕ್ಕೆ ಬರಲಿಲ್ಲ. ಹೀಗಾಗಿ ಸಿಕ್ಕ ಅಳತೆ ಸಣ್ಣದು. 1985ರ ವಿಶ್ವ ಆರೋಗ್ಯ ಸಂಸ್ಥೆಯ ವರದಿಯಲ್ಲಿ ವಯಸ್ಕನ ಲೈಸಿನ್ ಅಗತ್ಯ ಪ್ರತಿ ಕಿಲೋ ದೇಹತೂಕಕ್ಕೆ ದಿನಕ್ಕೆ 12 ಮಿಲಿಗ್ರಾಂ ಮಾತ್ರ.

ಈ ಅಂಕಿಯನ್ನು ಪ್ರಶ್ನಿಸಿದವನು ಅಮೆರಿಕದ ಎಂಐಟಿಯ ವರ್ನನ್ ಯಂಗ್. ಉತ್ತರದ ದೊಡ್ಡ ಪಾಲು ಕನ್ನಡನಾಡಿನಲ್ಲಿ ಸಿದ್ಧವಾಯಿತು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಡಾ. ಅನುರಾ ಕುರ್ಪಾಡ್ ಮತ್ತು ಸಂಗಡಿಗರು ಆರೋಗ್ಯವಂತ ಭಾರತೀಯರಿಗೆ ಬೇರೆಬೇರೆ ಪ್ರಮಾಣದಲ್ಲಿ ಲೈಸಿನ್ ಉಣಿಸಿ, ಭಾರವಾದ ಇಂಗಾಲದ ಗುರುತು ಹೊತ್ತ ಲ್ಯೂಸಿನ್ ಕೊಟ್ಟು, ಇಪ್ಪತ್ನಾಲ್ಕು ತಾಸು ಅವರ ಉಸಿರನ್ನು ಪರೀಕ್ಷಿಸಿದರು. ಲೈಸಿನ್ ಸಾಲದಿದ್ದರೆ ಲ್ಯೂಸಿನ್ ಮೈಗೆ ಹತ್ತದೆ ಸುಟ್ಟುಹೋಗುತ್ತದೆ, ಗುರುತಿನ ಇಂಗಾಲ ಉಸಿರಿನಲ್ಲಿ ಹೊರಬೀಳುತ್ತದೆ. ಬೇಕಾದದ್ದು ಕಿಲೋಗೆ ಸುಮಾರು 30 ಮಿಲಿಗ್ರಾಂ ಎಂದು ತಿಳಿಯಿತು. 2007ರ ಜಾಗತಿಕ ವರದಿಯೂ 30 ಎಂದೇ ಬರೆಯಿತು. ಬಹುಕಾಲ ಅರೆಹೊಟ್ಟೆಯಲ್ಲಿದ್ದು ಹೊಟ್ಟೆಹುಳುವಿನ ಬಾಧೆಯೂ ಇದ್ದ ಗಂಡಸರಿಗೆ ಸುಮಾರು 44 ಬೇಕಾಯಿತು. ಹುಳು ಕಳೆದ ಮೇಲೆ 35ಕ್ಕೆ ಇಳಿಯಿತು.

ಈಗ ಟೆಂಪಲ್‌ನ ರತ್ತಲನ್ನು ತೂಗೋಣ. 454 ಗ್ರಾಂ ಜೋಳದಲ್ಲಿ ಸುಮಾರು 45 ಗ್ರಾಂ ಪ್ರೋಟೀನು, ಅದರಲ್ಲಿ ಲೈಸಿನ್ ಹೆಚ್ಚುಕಡಿಮೆ 900 ಮಿಲಿಗ್ರಾಂ. ಐವತ್ತು ಕಿಲೋ ತೂಗುವ ಆಳಿಗೆ 1985ರ ಅಂಕಿಯಂತೆ 600 ಸಾಕು: ಬರಗಾಲದ ಕೂಲಿಯೂ ಪರೀಕ್ಷೆಯಲ್ಲಿ ತೇರ್ಗಡೆಯಾಗುತ್ತಿತ್ತು! ಬೆಂಗಳೂರಿನ ಅಂಕಿಯಂತೆ 1500 ಬೇಕು. ಸೊರಗಿದ ಮೈಗೆ, ಹುಳುವಿದ್ದ ಹೊಟ್ಟೆಗೆ, 2200. ಕಾರ್ನಿಷ್ ಕೇಳಿದ ಬೇಳೆ ಆ ಕೊರತೆಯನ್ನೇ ತುಂಬುವಂಥದ್ದು. ಅಳತೆಗೋಲು ಇಲ್ಲದೆಯೇ ಆ ವೈದ್ಯ ನಿಜದ ಹತ್ತಿರ ಬಂದಿದ್ದ. ಟೆಂಪಲ್‌ನ ಲೆಕ್ಕವನ್ನು ಕ್ಷಮಿಸಲು ನನ್ನ ಮನಸ್ಸು ಒಪ್ಪುವುದಿಲ್ಲ.

ಬಡವರ ಪಡಿಯನ್ನು ಇಂದಿಗೂ ಕಿಲೋಗಟ್ಟಲೆ ಧಾನ್ಯದಲ್ಲಿಯೇ ಎಣಿಸುವ ರೂಢಿ ಉಂಟು. ಆ ಲೆಕ್ಕ ಬರೆಯುವ ಅಧಿಕಾರಿಗಳು ಧಾನ್ಯದ ಪಕ್ಕದಲ್ಲಿ ಬೇಳೆಯ ತೂಕವನ್ನೂ ಬರೆಯಲಿ.