ಬಾಳಿಕೆ ಬರುವ ಹಳೆ ಕಾರು: ಗಡಿ ಭಾಗದ ಸದಸ್ಯರಿಗೆ ಒಂದು ಕೈಪಿಡಿ



ಫಸಲು ಮಾರಿದ ಹಣ ಕೈಗೆ ಬಂದ ತಿಂಗಳುಗಳಲ್ಲಿ ಸಂಘಕ್ಕೆ ಬರುವ ದೂರವಾಣಿ ಕರೆಗಳಲ್ಲಿ ಒಂದು ಪ್ರಶ್ನೆ ತಪ್ಪುವುದಿಲ್ಲ. "ಸಾರ್, ಒಂದು ಸೆಕೆಂಡ್ ಹ್ಯಾಂಡ್ ಕಾರು ನೋಡಿದ್ದೀನಿ, ತಗೋಬಹುದಾ?" ಒಬ್ಬೊಬ್ಬರಿಗೆ ಉತ್ತರಿಸುವ ಬದಲು ಎಲ್ಲರಿಗೂ ಉಪಯೋಗವಾಗಲೆಂದು ತಿಳಿದದ್ದನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ.

ಜೀರಹಳ್ಳಿ, ತಾಳವಾಡಿ ಕಡೆಯ ನಮಗೆ ಕಾರು ಷೋಕಿಯ ವಸ್ತುವಲ್ಲ. ರಾತ್ರಿ ಹೆರಿಗೆ ನೋವು ಬಂದರೆ, ವಯಸ್ಸಾದವರಿಗೆ ಎದೆನೋವು ಬಂದರೆ ಚಾಮರಾಜನಗರದ ಆಸ್ಪತ್ರೆಗೋ ಘಾಟಿ ಇಳಿದು ಸತ್ಯಮಂಗಲಕ್ಕೋ ಹೋಗಬೇಕು. ದಾರಿಯ ಬಹುಭಾಗ ಕಾಡು. ಸತ್ಯಮಂಗಲ ಅರಣ್ಯ 2013ರಿಂದ ಹುಲಿ ಸಂರಕ್ಷಿತ ಪ್ರದೇಶ. ಆನೆ ಓಡಾಡುವ ಆ ರಸ್ತೆಯಲ್ಲಿ ಗಾಡಿ ಕೆಟ್ಟು ನಿಂತರೆ ಇಳಿದು ತಳ್ಳುವುದಕ್ಕೂ ಆಗುವುದಿಲ್ಲ. ಆದ್ದರಿಂದ ನಮಗೆ ಬೇಕಾದದ್ದು ಅಂದದ ಕಾರಲ್ಲ, ನಂಬಬಹುದಾದ ಕಾರು.

ಅಂಥ ಕಾರು ಮೂರು ಕಡೆ ಪಾಸಾಗಬೇಕು: ನಮ್ಮೂರ ಮೆಕ್ಯಾನಿಕ್ ಹತ್ತಿರ, ಘಾಟಿಯಲ್ಲಿ, ಕಾಗದಪತ್ರದಲ್ಲಿ. ಮೊದಲ ಎರಡನ್ನು ಎಲ್ಲರೂ ಸ್ವಲ್ಪವಾದರೂ ನೋಡುತ್ತಾರೆ. ಗಡಿಯಲ್ಲಿರುವ ನಾವು ಹೆಚ್ಚಾಗಿ ಪೆಟ್ಟು ತಿನ್ನುವುದು ಮೂರನೆಯದರಲ್ಲಿ.

1. ಮೆಕ್ಯಾನಿಕ್ ಪರೀಕ್ಷೆ

ಯಾವ ಕಂಪನಿ ಒಳ್ಳೆಯದು ಎಂದು ಕೇಳುವ ಮೊದಲು, ನಿಮ್ಮೂರಿನ ಮೆಕ್ಯಾನಿಕ್ ಯಾವ ಕಾರನ್ನು ಬಿಚ್ಚಿ ಜೋಡಿಸಬಲ್ಲ, ಅದರ ಬಿಡಿಭಾಗ ಒಂದೇ ದಿನದಲ್ಲಿ ಎಲ್ಲಿ ಸಿಗುತ್ತದೆ ಎಂದು ಕೇಳಿ. ನಮ್ಮ ಕಡೆ ಆಲ್ಟೊ, ವ್ಯಾಗನ್ ಆರ್, ಈಕೊ, ಬೊಲೆರೊ ಹೆಚ್ಚು ಕಾಣುವುದಕ್ಕೆ ಕಾರಣ ಇದೇ. ಮಾರುತಿ 800 ತಯಾರಿಕೆ 2014ರಲ್ಲೇ ನಿಂತರೂ ಹಳ್ಳಿಗಳಲ್ಲಿ ಇನ್ನೂ ಓಡುತ್ತಿರುವುದು, ಅದನ್ನು ಬಲ್ಲ ಕೈಗಳು ಎಲ್ಲೆಡೆ ಇರುವುದರಿಂದ.

ಮಾರುಕಟ್ಟೆ ಬಿಟ್ಟ ಕಂಪನಿಗಳ ಕಾರು ಅಗ್ಗಕ್ಕೆ ಸಿಗುತ್ತದೆ. ಷೆವರ್ಲೆ 2017ರ ಕೊನೆಗೆ ಭಾರತದಲ್ಲಿ ಮಾರಾಟ ನಿಲ್ಲಿಸಿತು. ಫೋರ್ಡ್ ಇಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ 2021ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿತು. ಅವು ಕೆಟ್ಟ ಕಾರುಗಳು ಎಂದಲ್ಲ. ಒಂದು ಬಿಡಿಭಾಗಕ್ಕಾಗಿ ಕೊಯಮತ್ತೂರಿಗೋ ಮೈಸೂರಿಗೋ ಅಲೆಯುವ ದಿನಗಳ ಬೆಲೆಯನ್ನೂ ಕೊಳ್ಳುವ ಬೆಲೆಗೆ ಸೇರಿಸಿ ನೋಡಿ.

ಪೆಟ್ರೋಲೋ ಡೀಸೆಲೋ? ದಿನಕ್ಕೆ ಹತ್ತಿಪ್ಪತ್ತು ಕಿಲೋಮೀಟರ್ ಓಡಿಸುವವರಿಗೆ ಪೆಟ್ರೋಲ್ ಸಾಕು. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಗಾಡಿ ಆಗಾಗ ಬಿಸಿಯಾಗಿ ದೂರ ಓಡಿದರೆ ಮಾತ್ರ ಆ ಮಸಿ ಸುಟ್ಟುಹೋಗುತ್ತದೆ. ಬರೀ ಊರೊಳಗೆ ಓಡಿಸಿದರೆ ಕಟ್ಟಿಕೊಳ್ಳುತ್ತದೆ, ರಿಪೇರಿ ದುಬಾರಿ.

ಪೆಟ್ರೋಲ್ ಕಾರಿನಲ್ಲಿ ಒಂದು ಹೊಸ ವಿಷಯ ಗಮನಿಸಿ. ಈಗ ಪಂಪ್‌ಗಳಲ್ಲಿ ಸಿಗುವುದು ಹೆಚ್ಚಾಗಿ ಶೇಕಡ 20 ಎಥನಾಲ್ ಬೆರೆಸಿದ ಪೆಟ್ರೋಲ್. 2023ಕ್ಕಿಂತ ಹಿಂದಿನ ಅನೇಕ ಕಾರುಗಳನ್ನು ಅದಕ್ಕೆಂದು ತಯಾರಿಸಿರಲಿಲ್ಲ. ಹಳೆ ಕಾರಾದರೆ ಪೆಟ್ರೋಲ್ ಪೈಪು, ರಬ್ಬರ್ ಸೀಲುಗಳನ್ನು ಮೆಕ್ಯಾನಿಕ್‌ಗೆ ತೋರಿಸಿ.

2. ಘಾಟಿ ಪರೀಕ್ಷೆ

ಮೊದಲು ನಿಂತ ಗಾಡಿ ನೋಡಿ. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗಲೇ ಹೋಗಿ, ಬಾನೆಟ್ ಮೇಲೆ ಕೈ ಇಟ್ಟು ನೋಡಿ. ಬೆಚ್ಚಗಿದ್ದರೆ ನೀವು ಬರುವ ಮೊದಲೇ ಯಾರೋ ಸ್ಟಾರ್ಟ್ ಮಾಡಿ ಇಟ್ಟಿದ್ದಾರೆ ಎಂದರ್ಥ. ತಣ್ಣಗಿದ್ದಾಗಲೇ ಎಂಜಿನ್ ಆಯಿಲ್ ಮುಚ್ಚಳ ತೆಗೆಯಿರಿ. ಒಳಗೆ ಹಾಲಿನ ಕೆನೆಯಂಥ ಬಿಳಿ ಪದಾರ್ಥ ಅಂಟಿದ್ದರೆ ಆಯಿಲ್‌ಗೆ ನೀರು ಸೇರಿರಬಹುದು, ಮೆಕ್ಯಾನಿಕ್ ನೋಡದೆ ಮುಂದುವರಿಯಬೇಡಿ. ರೇಡಿಯೇಟರ್ ನೀರು ತುಕ್ಕು ಬಣ್ಣಕ್ಕೆ ತಿರುಗಿದ್ದರೆ ಕೂಲೆಂಟ್ ಬದಲಿಸಿ ಬಹಳ ಕಾಲವಾಗಿದೆ.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳಿರುತ್ತವೆ. ಮೊದಲೆರಡು ವಾರ, ಕೊನೆಯೆರಡು ವರ್ಷ. 2219 ಎಂದಿದ್ದರೆ 2019ರ 22ನೇ ವಾರ ತಯಾರಾದ ಟೈರು. ಮೇಲಿನ ಅಚ್ಚು ಚೆನ್ನಾಗಿ ಕಂಡರೂ ರಬ್ಬರ್ ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ ನಾಲ್ಕು ಟೈರಿನ ಬೆಲೆಯನ್ನು ಚೌಕಾಸಿಯಲ್ಲಿ ಕಳೆಯಿರಿ. ಕೋಸು, ಆಲೂಗಡ್ಡೆ ಮೂಟೆ ಹೊತ್ತ ಕಾರು ಹಿಂದುಗಡೆ ಕುಸಿದಿರುತ್ತದೆ. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ ಪಕ್ಕದಿಂದ ನೋಡಿದರೆ ತಿಳಿಯುತ್ತದೆ.

ನೆರೆಯಲ್ಲಿ ಮುಳುಗಿದ ಕಾರುಗಳ ಬಗ್ಗೆ ಎಚ್ಚರ ಬೇಕು. ಚೆನ್ನೈನಲ್ಲಿ 2015 ಮತ್ತು 2023ರ ಡಿಸೆಂಬರ್‌ಗಳಲ್ಲಿ, ಬೆಂಗಳೂರಿನಲ್ಲಿ 2022ರ ಸೆಪ್ಟೆಂಬರ್‌ನಲ್ಲಿ ಬಹಳಷ್ಟು ಕಾರುಗಳು ನೀರಿನಲ್ಲಿ ನಿಂತವು. ತೊಳೆದು ಒರೆಸಿದ ಅಂಥ ಕಾರು ದೂರದ ಊರಿಗೆ ಮಾರಾಟಕ್ಕೆ ಬರಬಹುದು. ಸೀಟ್ ಬೆಲ್ಟನ್ನು ಪೂರ್ತಿ ಹೊರಗೆಳೆಯಿರಿ. ಕೊನೆಯ ಭಾಗದಲ್ಲಿ ಕೆಸರಿನ ಕಲೆ ಇದೆಯೇ, ಸೀಟಿನ ಅಡಿಯ ಕಬ್ಬಿಣ ತುಕ್ಕು ಹಿಡಿದಿದೆಯೇ, ಗಾಜು ಮುಚ್ಚಿದಾಗ ಮುಗ್ಗಲು ವಾಸನೆ ಬರುತ್ತದೆಯೇ ನೋಡಿ.

ಆಮೇಲೆ ಗಾಡಿಯನ್ನು ಏರು ಹತ್ತಿಸಿ. ಬಣ್ಣಾರಿಯಿಂದ ದಿಂಬಂಗೆ 27 ಹೇರ್‌ಪಿನ್ ತಿರುವುಗಳಿವೆ. ಇದಕ್ಕಿಂತ ಒಳ್ಳೆಯ ಪರೀಕ್ಷಾ ಕೊಠಡಿ ಬೇರೆ ಇಲ್ಲ. ಚಾಮರಾಜನಗರದಲ್ಲಿ ಕೊಳ್ಳುವವರಿಗೆ ಬಿಳಿಗಿರಿರಂಗನ ಬೆಟ್ಟದ ರಸ್ತೆ ಇದೆ. ಹೊಸೂರಿನಂಥ ಕಡೆಯವರು ಹತ್ತಿರದ ಯಾವುದಾದರೂ ಉದ್ದನೆಯ ಏರು ಹುಡುಕಿಕೊಳ್ಳಿ. ಮಾಲೀಕರ ಒಪ್ಪಿಗೆ ಪಡೆದು, ಚಾಲ್ತಿ ವಿಮೆ ಇದೆಯೆಂದು ಖಚಿತಪಡಿಸಿಕೊಂಡು, ನಾಲ್ಕು ಜನ ಕೂತು ಹಗಲಿನಲ್ಲಿ ಹೋಗಿ.

ಹತ್ತುವಾಗ ನೋಡಬೇಕಾದದ್ದು: ಎಂಜಿನ್ ಬಿಸಿ ತೋರಿಸುವ ಮುಳ್ಳು ಮಧ್ಯ ದಾಟಿ ಏರುತ್ತಿದೆಯೇ? ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ ಸದ್ದು ಮಾತ್ರ ಏರಿ ವೇಗ ಏರದಿದ್ದರೆ ಕ್ಲಚ್ ಸವೆದಿದೆ. ತಿರುವಿನಲ್ಲಿ ಮುಂದಿನ ಚಕ್ರದ ಕಡೆಯಿಂದ ಟಕಟಕ ಸದ್ದು ಬಂದರೆ ಆಕ್ಸಲ್ ಜಾಯಿಂಟ್ ನೋಡಿಸಬೇಕು.

ಇಳಿಯುವಾಗ ಎರಡನೇ ಗೇರಿನಲ್ಲೇ ಬನ್ನಿ. ಬ್ರೇಕ್ ಒತ್ತಿದರೆ ಗಾಡಿ ಒಂದು ಪಕ್ಕಕ್ಕೆ ಎಳೆಯಬಾರದು, ಸ್ಟೀರಿಂಗ್ ನಡುಗಬಾರದು. ಇಳಿಜಾರು ಮುಗಿದು ಮತ್ತೆ ಆಕ್ಸಿಲರೇಟರ್ ಒತ್ತಿದ ಕ್ಷಣ ಹಿಂದೆ ನೋಡಿ. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಕುಡಿಯುತ್ತಿದೆ. ಊರೊಳಗಿನ ಒಂದು ಸುತ್ತಿನಲ್ಲಿ ಇದು ಕಾಣದೆ ಹೋಗಬಹುದು. ಎಂಜಿನ್ ಪೂರ್ತಿ ಬಿಸಿಯಾದ ಮೇಲೂ ದಟ್ಟವಾದ ಬಿಳಿ ಹೊಗೆ ನಿಲ್ಲದಿದ್ದರೆ ಒಳಗೆ ನೀರು ಸೇರುತ್ತಿರಬಹುದು.

ಘಾಟಿಯವರಿಗೆ ಇನ್ನೊಂದು ಸಲಹೆ. ಹಣ ಹೊಂದಿದರೆ 2019ರ ನಂತರ ತಯಾರಾದ ಕಾರು ನೋಡಿ. ಎಬಿಎಸ್ ಬ್ರೇಕ್ 2019ರ ಏಪ್ರಿಲ್‌ನಿಂದ, ಚಾಲಕರ ಏರ್‌ಬ್ಯಾಗ್ ಅದೇ ಜುಲೈನಿಂದ ಹೊಸ ಕಾರುಗಳಿಗೆ ಕಡ್ಡಾಯವಾಯಿತು. ಮಳೆಗಾಲದ ತಿರುವಿನಲ್ಲಿ ಎಬಿಎಸ್‌ನ ಬೆಲೆ ಗೊತ್ತಾಗುತ್ತದೆ.

3. ಕಾಗದ ಪರೀಕ್ಷೆ

ಗುಮಾಸ್ತನಾಗಿ ಕಡತಗಳ ನಡುವೆ ಕೆಲಸ ಮಾಡಿದವನು ನಾನು. ಈ ಭಾಗವನ್ನು ಸ್ವಲ್ಪ ಉದ್ದವಾಗಿ ಹೇಳಿದರೆ ಸದಸ್ಯರು ಸಹಿಸಿಕೊಳ್ಳಬೇಕು.

ಆರ್‌ಸಿಯಲ್ಲಿ ಇರುವ ಎಂಜಿನ್ ಮತ್ತು ಚಾಸಿಸ್ ನಂಬರನ್ನು ಗಾಡಿಯ ಮೇಲಿನ ನಂಬರಿನೊಂದಿಗೆ ಅಂಕಿ ಅಂಕಿಯಾಗಿ ತಾಳೆ ನೋಡಿ. ಪರಿವಾಹನ್ ಜಾಲತಾಣದಲ್ಲಿ ವಿಮೆಯ ಅವಧಿ, ಬಾಕಿ ದಂಡ, ಬ್ಯಾಂಕ್ ಸಾಲದ ನಮೂದು ನೋಡಬಹುದು. ಸಾಲದ ನಮೂದು ಇದ್ದರೆ "ಕಂತು ಮುಗಿದಿದೆ" ಎಂಬ ಬಾಯಿಮಾತು ಸಾಲದು. ಬ್ಯಾಂಕಿನ ಪತ್ರ ಮತ್ತು 35ನೇ ನಮೂನೆ ಕೈಗೆ ಬರಬೇಕು.

ವಿಮೆ ಪಾಲಿಸಿಯಲ್ಲಿ ಎನ್‌ಸಿಬಿ ಎಂಬ ಸಾಲು ಓದಿ. ಕ್ಲೇಮ್ ಮಾಡದ ವರ್ಷಗಳಿಗೆ ಸಿಗುವ ರಿಯಾಯಿತಿ ಅದು. ಶೇಕಡ 20ರಿಂದ ಶುರುವಾಗಿ ಐದು ವರ್ಷಕ್ಕೆ 50 ಆಗುತ್ತದೆ. ಒಬ್ಬರೇ ಮಾಲೀಕರ ಆರು ವರ್ಷದ ಕಾರಿನಲ್ಲಿ ಅದು ಸೊನ್ನೆ ಇದ್ದರೆ ಅಪಘಾತವಾಗಿತ್ತೇ ಎಂದು ಕೇಳುವ ಹಕ್ಕು ನಿಮಗಿದೆ. ಕಿಲೋಮೀಟರ್ ಮೀಟರನ್ನು ತಿರುಗಿಸಬಹುದು. ಕಂಪನಿ ಸರ್ವಿಸ್ ಸೆಂಟರಿನ ದಾಖಲೆಯನ್ನು ತಿರುಗಿಸುವುದು ಕಷ್ಟ. ಮಾಲೀಕರ ಮೂಲಕ ಅದನ್ನು ತರಿಸಿ, ತಾರೀಕು ಮತ್ತು ಕಿಲೋಮೀಟರ್ ಹೊಂದುತ್ತವೆಯೇ ನೋಡಿ.

ಇನ್ನು ನಮ್ಮ ಗಡಿ ವಿಷಯ. ತಾಳವಾಡಿಯವರು ಚಾಮರಾಜನಗರದಲ್ಲಿ ಕೆಎ-10 ಕಾರು ಕೊಳ್ಳುತ್ತಾರೆ, ಹೊಸೂರಿನವರು ಬೆಂಗಳೂರಿನಲ್ಲಿ, ಕಾಸರಗೋಡಿನವರು ಮಂಗಳೂರಿನಲ್ಲಿ. ಊರು ಹತ್ತಿರ, ಭಾಷೆ ಒಂದೇ, ಮಾತು ಸಲೀಸು. ಆದರೆ ಕಾಗದದ ಲೆಕ್ಕದಲ್ಲಿ ಅದು ಬೇರೆ ರಾಜ್ಯ. ಮೋಟಾರು ವಾಹನ ಕಾಯ್ದೆ 1988ರ 47ನೇ ಕಲಂ ಪ್ರಕಾರ ಬೇರೆ ರಾಜ್ಯದ ಗಾಡಿಯನ್ನು 12 ತಿಂಗಳು ಮೀರಿ ಇಟ್ಟುಕೊಂಡರೆ ನಮ್ಮ ರಾಜ್ಯದ ಹೊಸ ನಂಬರ್ ಪಡೆಯಬೇಕು. ತೆರಿಗೆಯ ನಿಯಮ ಆಯಾ ರಾಜ್ಯದ್ದು, ಅದನ್ನು ಬೇರೆಯಾಗಿಯೇ ಕೇಳಿ ತಿಳಿಯಬೇಕು.

ಇದರ ಹಂತಗಳು ಹೀಗಿವೆ. ಮಾರುವವರು ತಮ್ಮ ಆರ್‌ಟಿಒ ಕಚೇರಿಯಲ್ಲಿ 28ನೇ ನಮೂನೆಯಲ್ಲಿ ಎನ್‌ಒಸಿ ಪಡೆಯುತ್ತಾರೆ. ವರ್ಗಾವಣೆಗೆ 29 ಮತ್ತು 30ನೇ ನಮೂನೆ, ಹೊಸ ನಂಬರಿಗೆ 27ನೇ ನಮೂನೆ. ನಮ್ಮ ಆರ್‌ಟಿಒ ಕಚೇರಿಯಲ್ಲಿ ಕಾರಿನ ವಯಸ್ಸಿಗೆ ತಕ್ಕ ಜೀವಿತಾವಧಿ ತೆರಿಗೆ ಕಟ್ಟಬೇಕು. ಹಳೆ ರಾಜ್ಯದಲ್ಲಿ ಕಟ್ಟಿದ್ದರಲ್ಲಿ ಉಳಿದ ಅವಧಿಯ ಪಾಲನ್ನು ವಾಪಸು ಕೇಳಬಹುದು. ಅದಕ್ಕೆ ಪ್ರತ್ಯೇಕ ಅರ್ಜಿ, ಪ್ರತ್ಯೇಕ ಓಡಾಟ. ಆ ಹಣ ಯಾರಿಗೆ ಸೇರಬೇಕೆಂಬುದನ್ನು ವ್ಯಾಪಾರದ ದಿನವೇ ಬರೆದುಕೊಳ್ಳಿ.

ಆದ್ದರಿಂದ ಮುಂಗಡ ಕೊಡುವ ಮೊದಲೇ ನಿಮ್ಮ ಆರ್‌ಟಿಒ ಕಚೇರಿಯಲ್ಲಿ "ಈ ವರ್ಷದ, ಈ ಮಾದರಿಯ ಕಾರಿಗೆ ತೆರಿಗೆ ಎಷ್ಟು?" ಎಂದು ಕೇಳಿ. ಲೆಕ್ಕಕ್ಕೆಂದು ಹೀಗೆ ಹಿಡಿಯೋಣ: ಗಡಿಯಾಚೆ ಕಾರು 25,000 ರೂಪಾಯಿ ಅಗ್ಗ, ಇಲ್ಲಿ ತೆರಿಗೆ ಮತ್ತು ಓಡಾಟಕ್ಕೆ 30,000 ರೂಪಾಯಿ. ಆಗ ಆ ಅಗ್ಗದ ಕಾರು 5,000 ರೂಪಾಯಿ ದುಬಾರಿ. 15 ವರ್ಷಕ್ಕೆ ಹತ್ತಿರವಾದ ಕಾರಾದರೆ ನೋಂದಣಿ ನವೀಕರಣವನ್ನೂ ಸೇರಿಸಿ. 2022ರ ಏಪ್ರಿಲ್‌ನಿಂದ ಅದರ ಶುಲ್ಕವೇ 5,000 ರೂಪಾಯಿಗೆ ಏರಿದೆ. ಹಸಿರು ತೆರಿಗೆ, ಗಾಡಿಯನ್ನು ತಪಾಸಣೆಗೆ ಸಿದ್ಧಪಡಿಸುವ ಖರ್ಚು ಬೇರೆ.

"ಹೆಸರು ಆಮೇಲೆ ಬದಲಾಯಿಸಿಕೊಳ್ಳೋಣ, ಸಹಿ ಹಾಕಿದ ಖಾಲಿ ಫಾರಂ ಇದೆಯಲ್ಲ" ಎಂಬ ಮಾತು ನಮ್ಮಲ್ಲಿ ಬಹಳ. ಇದು ಇಬ್ಬರಿಗೂ ಅಪಾಯ. ಗಾಡಿ ಮಾರಿದ್ದರೂ ಆರ್‌ಸಿಯಲ್ಲಿ ಹೆಸರು ಇರುವವರೇ ಕಾಯ್ದೆಯ ದೃಷ್ಟಿಯಲ್ಲಿ ಮಾಲೀಕರು, ಅಪಘಾತದ ಪರಿಹಾರದ ಹೊಣೆ ಅವರದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ತೀರ್ಪು ಕೊಟ್ಟಿದೆ. ಅಂದರೆ ನೀವು ಮಾರಿದ ಕಾರನ್ನು ಮೂರನೆಯವರು ಓಡಿಸಿ ಯಾರಿಗಾದರೂ ಗುದ್ದಿದರೆ ನೋಟಿಸು ನಿಮ್ಮ ಮನೆಗೆ ಬರಬಹುದು, ಹೊಲ ಮನೆ ಅಡವಿಡುವ ಮಟ್ಟಕ್ಕೂ ಹೋಗಬಹುದು. ಕೊಂಡವರಿಗೂ ಸುಖವಿಲ್ಲ. ಕಾರು ಕಳುವಾದರೆ ಹಳೆ ಹೆಸರಿನ ಪಾಲಿಸಿ ಹಿಡಿದು ವಿಮೆ ಹಣ ಪಡೆಯುವುದು ಬಲು ಕಷ್ಟ. ಪುಣಜನೂರಿನಲ್ಲಾಗಲಿ ಬಣ್ಣಾರಿಯಲ್ಲಾಗಲಿ ಚೆಕ್‌ಪೋಸ್ಟಿನವರು ಕೇಳಿದಾಗ ಬೇರೆಯವರ ಹೆಸರಿನ ಆರ್‌ಸಿ ಹಿಡಿದು ವಿವರಣೆ ಕೊಡುತ್ತಾ ನಿಲ್ಲಬೇಕು. ಒಳಗೆ ರೋಗಿ ಇದ್ದಾಗ ಆ ಹತ್ತು ನಿಮಿಷವೂ ದೊಡ್ಡದೇ.

ಕಾಯ್ದೆ ಕೊಟ್ಟಿರುವ ಅವಧಿಗಳನ್ನು ಬರೆದಿಟ್ಟುಕೊಳ್ಳಿ. ಮಾರಿದವರು ತಿಳಿಸಬೇಕಾದದ್ದು ಅದೇ ರಾಜ್ಯವಾದರೆ 14 ದಿನದೊಳಗೆ, ಬೇರೆ ರಾಜ್ಯವಾದರೆ 45 ದಿನದೊಳಗೆ. ಕೊಂಡವರು ವರ್ಗಾವಣೆಗೆ ಅರ್ಜಿ ಹಾಕಬೇಕಾದದ್ದು 30 ದಿನದೊಳಗೆ. ವಿಮೆ ಕಂಪನಿಗೆ ತಿಳಿಸಬೇಕಾದದ್ದು 14 ದಿನದೊಳಗೆ. ಹಳೆ ಮಾಲೀಕರ ಎನ್‌ಸಿಬಿ ಅವರ ಜೊತೆ ಹೋಗುತ್ತದೆ, ಕಾರಿನ ಜೊತೆ ಬರುವುದಿಲ್ಲ. ಅಂಗಡಿಯಲ್ಲಿ ಕೊಳ್ಳುವುದಾದರೆ, ಹಳೆ ವಾಹನ ಮಾರುವವರಿಗೆ 2023ರ ಏಪ್ರಿಲ್‌ನಿಂದ ಆರ್‌ಟಿಒ ಅಧಿಕಾರಪತ್ರದ ನಿಯಮ ಬಂದಿದೆ. ಅದನ್ನು ತೋರಿಸಿ ಎಂದು ಕೇಳಲು ಸಂಕೋಚ ಬೇಡ.

ಕೊಡುವ ದಿನ

ಎಲ್ಲ ಸರಿ ಕಂಡರೂ ಪೂರ್ತಿ ಹಣ ಒಮ್ಮೆಗೇ ಕೊಡಬೇಡಿ. ಎನ್‌ಒಸಿ ಮತ್ತು ಬ್ಯಾಂಕ್ ಪತ್ರ ಕೈಗೆ ಬರುವವರೆಗೆ ಒಂದು ಪಾಲು ತಡೆದಿಡಿ, ಅದನ್ನು ಕರಾರಿನಲ್ಲಿ ಬರೆಯಿರಿ. ಹಣ ಬ್ಯಾಂಕ್ ಮೂಲಕವೇ ಹೋಗಲಿ. ಕರಾರು ಪತ್ರದಲ್ಲಿ ಕಾರು ಕೈ ಬದಲಾದ ತಾರೀಕು ಮಾತ್ರವಲ್ಲ, ಗಂಟೆಯನ್ನೂ ಬರೆಯಿರಿ. ಅಲ್ಲಿಯವರೆಗಿನ ದಂಡ ಮಾರಿದವರದು, ಅಲ್ಲಿಂದ ಮುಂದಿನದು ನಿಮ್ಮದು.

ಕೊಂಡ ತಕ್ಷಣ ಎಂಜಿನ್ ಆಯಿಲ್, ಫಿಲ್ಟರ್‌ಗಳು, ಕೂಲೆಂಟ್, ಬ್ರೇಕ್ ಆಯಿಲ್ ಬದಲಿಸಿ. ಬ್ಯಾಟರಿ, ಹೆಡ್‌ಲೈಟ್, ಸ್ಟೆಪ್ನಿ ನೋಡಿಸಿ. ಇದಕ್ಕೆ ಬೇಕಾದ ಹಣವನ್ನು ಮೊದಲೇ ಎತ್ತಿಡಿ, ಕೈಯಲ್ಲಿರುವುದನ್ನೆಲ್ಲ ಕಾರಿನ ಬೆಲೆಗೇ ಸುರಿಯಬೇಡಿ. ಎರಡೂವರೆ ಲಕ್ಷ ಇರುವವರು ಎರಡು ಲಕ್ಷದ ಕಾರು ನೋಡುವುದು ಕ್ಷೇಮ.

ಮೂರರಲ್ಲಿ ಒಂದು ಪರೀಕ್ಷೆಯಲ್ಲಿ ಕಾರು ಸೋತರೂ ಬೇಡ ಎಂದು ಎದ್ದು ಬನ್ನಿ. ಮುಂಗಡ ಕೊಟ್ಟಿರದಿದ್ದರೆ ಎದ್ದು ಬರುವುದು ಸುಲಭ.

ಸಂಘದ ಸದಸ್ಯರು ಕರಾರು ಪತ್ರವನ್ನೋ ಆರ್‌ಟಿಒ ನಮೂನೆಗಳನ್ನೋ ತುಂಬುವಾಗ ಅನುಮಾನ ಬಂದರೆ, ತಿಂಗಳ ಸಭೆಗೆ ಬರುವಾಗ ಕಾಗದಗಳ ಜೆರಾಕ್ಸ್ ತನ್ನಿ. ಕೂತು ಓದಿ ನೋಡೋಣ. ತಮಿಳಿನಲ್ಲಿರುವ ನಮೂನೆಗಳನ್ನು ಓದಿ ಹೇಳುವವರೂ ನಮ್ಮಲ್ಲಿ ಇದ್ದಾರೆ.

ಇತಿ,
ಕಾರ್ಯದರ್ಶಿ